ಹಳೆಯ ಡೀಸೆಲ್ ಲಾರಿಗಳಲ್ಲಿ ಮಿಸ್ಸಿಂಗ್ ಮತ್ತು ಗೇರ್‌ಬಾಕ್ಸ್ ದೋಷಗಳ ಪತ್ತೆ

ಎಂಜಿನ್ನಿನ ಒಂದು ಅಥವಾ ಹೆಚ್ಚು ಸಿಲಿಂಡರ್‌ಗಳಲ್ಲಿ ಇಂಧನವು ಸಕಾಲದಲ್ಲಿ, ಪೂರ್ಣವಾಗಿ ಉರಿಯದಿರುವುದನ್ನು ಗ್ಯಾರೇಜಿನ ಮಾತಿನಲ್ಲಿ 'ಮಿಸ್ಸಿಂಗ್' ಎನ್ನುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್ ಮತ್ತು ಡಿಫರೆನ್ಷಿಯಲ್‌ಗಳನ್ನು ಒಟ್ಟಾಗಿ ಶಕ್ತಿ ಸಾಗಣೆ ವ್ಯವಸ್ಥೆ ಎಂದು ಕರೆಯಬಹುದು. ಇವೆರಡರ ದೋಷಗಳೂ ಚಾಲಕನ ಅನುಭವಕ್ಕೆ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಬರುತ್ತವೆ: ಏರಿನಲ್ಲಿ ಲಾರಿ ಎಳೆಯುವುದಿಲ್ಲ, ನಡುಗುತ್ತದೆ, ಜಗ್ಗುತ್ತದೆ. ಆದ್ದರಿಂದ ಯಾವ ಭಾಗವನ್ನೂ ಬಿಚ್ಚುವ ಮೊದಲು ದೋಷ ಯಾವ ಕಡೆಯದೆಂದು ಬೇರ್ಪಡಿಸಿಕೊಳ್ಳುವುದು ಅಗತ್ಯ. ಒಂದೇ ಲಾರಿಯನ್ನು ನಂಬಿ ಬದುಕುವ ಮಾಲೀಕನು ಕೆಡದ ಎಂಜಿನ್ನನ್ನು ಬಿಚ್ಚಿಸಿದರೆ ಆಗುವ ನಷ್ಟ ಬಿಡಿಭಾಗಗಳ ಬೆಲೆಗೆ ನಿಲ್ಲುವುದಿಲ್ಲ. ಲಾರಿ ನಿಂತಷ್ಟು ದಿನದ ಬಾಡಿಗೆಯೂ ಕೈತಪ್ಪುತ್ತದೆ.

ಯಾವ ಲಾರಿಗಳು

ಟೆಲ್ಕೊ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಲಾರಿ ತಯಾರಿಕೆಯನ್ನು ಆರಂಭಿಸಿತು. 1948ರಲ್ಲಿ ಸ್ಥಾಪನೆಯಾಗಿದ್ದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಈ ಪರಂಪರೆಯ ಲಾರಿಗಳಲ್ಲಿ ಹಲವು ದಶಕಗಳ ಕಾಲ ಯಾಂತ್ರಿಕ ಇಂಧನ ಪಂಪ್ ಇತ್ತು. ದೋಷವನ್ನು ಸಂಕೇತಸಂಖ್ಯೆಯಾಗಿ ತೋರಿಸುವ ಗಣಕ ಇವುಗಳಲ್ಲಿಲ್ಲ. ಪತ್ತೆಗೆ ಕಿವಿ, ಕಣ್ಣು ಮತ್ತು ಕೈಗಳೇ ಸಾಧನ. ಈ ಲೇಖನದ ವಿವರಗಳು ಅಂಥ ಲಾರಿಗಳಿಗೆ ಮಾತ್ರ ಅನ್ವಯಿಸುತ್ತವೆ. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಇಂಧನದ ಒತ್ತಡ 1000 ಬಾರ್ ಮೀರುವುದರಿಂದ ಕೆಳಗೆ ಹೇಳಿರುವ ಪೈಪ್ ಸಡಿಲಿಸುವ ಪರೀಕ್ಷೆಯನ್ನು ಅವುಗಳ ಮೇಲೆ ಎಂದಿಗೂ ಮಾಡಬಾರದು.

ಎಂಜಿನ್ನೋ, ಸಾಗಣೆಯೋ

ಲಾರಿಯನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಓಡಿಸಿದಾಗಲೂ ನಡುಕ ಕಂಡರೆ ದೋಷ ಬಹುಪಾಲು ಎಂಜಿನ್ನಿನದು. ಚಲಿಸುವಾಗ ಮಾತ್ರ ಕಂಡರೆ, ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗವನ್ನು, ಉದಾಹರಣೆಗೆ ಗಂಟೆಗೆ 30 ಕಿ.ಮೀ., ಮೊದಲು ಮೂರನೆಯ ಗೇರಿನಲ್ಲಿ, ಆಮೇಲೆ ನಾಲ್ಕನೆಯದರಲ್ಲಿ ಕಾಯ್ದುಕೊಂಡು ನೋಡಬೇಕು. ಗೇರ್ ಬದಲಾದಾಗ ನಡುಕದ ಗತಿಯೂ ಬದಲಾದರೆ ಅದು ಎಂಜಿನ್ನಿನ ವೇಗವನ್ನು ಅನುಸರಿಸುತ್ತಿದೆ ಎಂದರ್ಥ. ಗತಿ ಬದಲಾಗದಿದ್ದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ, ಶಾಫ್ಟ್, ಡಿಫರೆನ್ಷಿಯಲ್ ಅಥವಾ ಚಕ್ರಗಳಲ್ಲಿ ಹುಡುಕಬೇಕು. ಆದರೆ ಹೊರೆ ಬಿದ್ದಾಗ ಮಾತ್ರ ಮಿಸ್ ಆಗುವ ಎಂಜಿನ್‌ಗಳೂ ಉಂಟು. ನ್ಯೂಟ್ರಲ್‌ನಲ್ಲಿ ನಯವಾಗಿ ಓಡಿತೆಂದ ಮಾತ್ರಕ್ಕೆ ಎಂಜಿನ್ ನಿರ್ದೋಷಿ ಎನ್ನಲಾಗದು.

ಮಿಸ್ಸಿಂಗ್ ಪತ್ತೆ

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಒತ್ತಿದ ಗಾಳಿ ಕಾದು, ಅದರೊಳಕ್ಕೆ ನಾಜಲ್ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮಿಸ್ಸಿಂಗ್‌ಗೆ ಮೂಲ ಮೂರೇ: ಒತ್ತಡ ಸಾಲದು, ಡೀಸೆಲ್ ಸರಿಯಾಗಿ ಬರುತ್ತಿಲ್ಲ, ಅಥವಾ ಬರುವ ಕಾಲ ತಪ್ಪಿದೆ.

ಮೊದಲು ಕಿವಿಗೊಟ್ಟು ಕೇಳಬೇಕು. ನಿಮಿಷಕ್ಕೆ 600 ಸುತ್ತು ತಿರುಗುವ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಸೆಕೆಂಡಿಗೆ 5 ಬಾರಿ, ಒಟ್ಟಾರೆ 30 ಬಾರಿ ದಹನ ನಡೆಯುತ್ತದೆ. ಒಂದು ಸಿಲಿಂಡರ್ ಕೈಕೊಟ್ಟರೆ, ಆರು ಅಕ್ಷರಗಳ ರೂಪಕ ತಾಳದಲ್ಲಿ ಪ್ರತಿ ಆವರ್ತಕ್ಕೂ ಅದೇ ಒಂದು ಅಕ್ಷರ ಬಿಟ್ಟುಹೋದಂತೆ, ನಿಯಮಿತವಾದ ಕುಂಟುನಡೆ ಕೇಳಿಸುತ್ತದೆ. ತಪ್ಪು ಅನಿಯಮಿತವಾಗಿದ್ದು ಎಂಜಿನ್ ಏರಿಳಿಯುತ್ತಿದ್ದರೆ, ಎಲ್ಲ ಸಿಲಿಂಡರ್‌ಗಳಿಗೂ ಸಮಾನವಾದ ಇಂಧನ ಪೂರೈಕೆಯನ್ನು ಶಂಕಿಸಬೇಕು: ಕಟ್ಟಿಕೊಂಡ ಫಿಲ್ಟರ್, ಡೀಸೆಲ್‌ನಲ್ಲಿ ಬೆರೆತ ನೀರು, ಬಿರುಕುಬಿಟ್ಟ ಹೋಸ್‌ನಿಂದ ಒಳಸೇರಿದ ಗಾಳಿ. ಗಾಳಿ ಸೇರಿದ್ದರೆ ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತಿ ಹೊರಹಾಕುತ್ತಾರೆ. ಮರುದಿನ ಮತ್ತೆ ಗಾಳಿ ಸೇರಿದರೆ ಸೋರಿಕೆಯ ಜಾಗ ಇನ್ನೂ ಸಿಕ್ಕಿಲ್ಲವೆಂದೇ ತಿಳಿಯಬೇಕು.

ನಿಯಮಿತ ಮಿಸ್ಸಿಂಗ್‌ನಲ್ಲಿ ಯಾವ ಸಿಲಿಂಡರ್ ಎಂದು ತಿಳಿಯಲು, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ನಾಜಲ್‌ಗೆ ಬರುವ ಪೈಪಿನ ನಟ್ಟನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸುತ್ತಾರೆ. ಶಬ್ದ ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ದೋಷ ಅದರಲ್ಲೇ ಇದೆ. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಆದಕಾರಣ ಕನ್ನಡಕ ಧರಿಸಿ, ಬಟ್ಟೆ ಮುಚ್ಚಿ, ಬೆರಳನ್ನು ದೂರವಿಟ್ಟು ಈ ಪರೀಕ್ಷೆ ಮಾಡಬೇಕು.

ಸಿಲಿಂಡರ್ ಸಿಕ್ಕ ಮೇಲೆ ಅದರ ನಾಜಲನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿ, ಹೊಸ ತಾಮ್ರದ ವಾಷರ್ ಹಾಕಿ ಪುನಃ ಪರೀಕ್ಷಿಸಬೇಕು. ದೋಷವೂ ಜೊತೆಗೆ ಹೋದರೆ ನಾಜಲ್ ಕೆಟ್ಟಿದೆ. ಅಲ್ಲೇ ಉಳಿದರೆ ಟ್ಯಾಪೆಟ್ ಅಂತರ, ವಾಲ್ವ್, ಪಿಸ್ಟನ್ ರಿಂಗ್, ಅಥವಾ ಪಂಪಿನೊಳಗಿನ ಆ ಸಿಲಿಂಡರಿನ ಪ್ಲಂಜರನ್ನು ನೋಡಬೇಕು. ಈ ಒಂದು ಗಂಟೆಯ ಕೆಲಸವನ್ನು ಬಿಟ್ಟು ನೇರವಾಗಿ ಹೆಡ್ ಬಿಚ್ಚುವ ಪದ್ಧತಿ ಸಮರ್ಥನೀಯವಲ್ಲ.

ಹೊಗೆಯೂ ಸಾಕ್ಷಿ ಹೇಳುತ್ತದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರನ್ನೇ ಮೊದಲು ನೋಡಬೇಕು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಉರಿಯದ ಡೀಸೆಲ್ ಹೊರಬರುತ್ತಿರಬಹುದು; ಜೊತೆಗೆ ರೇಡಿಯೇಟರಿನಲ್ಲಿ ಗುಳ್ಳೆ ಎದ್ದು ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ.

ಕ್ಲಚ್

ಏರಿನಲ್ಲಿ ಎಂಜಿನ್ನಿನ ವೇಗ ಹೆಚ್ಚಿಯೂ ಲಾರಿಯ ವೇಗ ಹೆಚ್ಚದಿದ್ದರೆ, ಸುಟ್ಟ ವಾಸನೆ ಬಂದರೆ, ಕ್ಲಚ್ ಜಾರುತ್ತಿದೆ. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ ಪೆಡಲನ್ನು ನಿಧಾನವಾಗಿ ಬಿಟ್ಟರೆ ಎಂಜಿನ್ ನಿಂತುಹೋಗಬೇಕು. ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ, ಪೆಡಲಿನ ಹೊಂದಾಣಿಕೆ ತಪ್ಪಿದೆ, ಅಥವಾ ಎಂಜಿನ್ನಿನ ಹಿಂದಿನ ಸೀಲಿನಿಂದ ಸೋರಿದ ಆಯಿಲ್ ಪ್ಲೇಟಿಗೆ ತಾಗಿದೆ. ಮೂರನೆಯ ಕಾರಣವಿದ್ದಾಗ ಸೀಲ್ ಬದಲಿಸದೆ ಪ್ಲೇಟ್ ಮಾತ್ರ ಬದಲಿಸಿದರೆ ದೋಷ ಮರುಕಳಿಸುತ್ತದೆ. ತದ್ವಿರುದ್ಧವಾಗಿ, ಪೆಡಲ್ ಪೂರ್ತಿ ಒತ್ತಿ ಕೆಲವು ಸೆಕೆಂಡು ಕಾದರೂ ರಿವರ್ಸ್ ಗೇರ್ ಕರಕರ ಎಂದರೆ ಕ್ಲಚ್ ಪೂರ್ಣವಾಗಿ ಬಿಡುತ್ತಿಲ್ಲ.

ಗೇರ್‌ಬಾಕ್ಸ್

ನ್ಯೂಟ್ರಲ್‌ನಲ್ಲಿ ಕೇಳುವ ಶಬ್ದವು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಬೇರಿಂಗ್, ಒತ್ತಿದಾಗಲೇ ಆರಂಭವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ದೋಷಿ. ಒಂದೇ ಗೇರಿನಲ್ಲಿ ಶಬ್ದ ಬಂದರೆ ಆ ಗೇರಿನ ಹಲ್ಲುಗಳು. ನೇರ ಗೇರಿನಲ್ಲಿ ತಗ್ಗಿ ಉಳಿದೆಲ್ಲದರಲ್ಲೂ ಕೇಳಿದರೆ ಕೆಳಗಿನ ಲೇ ಶಾಫ್ಟಿನ ಬೇರಿಂಗ್, ಏಕೆಂದರೆ ನೇರ ಗೇರಿನಲ್ಲಿ ಆ ಶಾಫ್ಟಿನ ಮೇಲೆ ಹೊರೆ ಬೀಳುವುದಿಲ್ಲ. ಸಿಂಕ್ರೊಮೆಶ್ ಇಲ್ಲದ ಹಳೆಯ ಗೇರ್‌ಬಾಕ್ಸುಗಳಲ್ಲಿ ಎರಡು ಬಾರಿ ಕ್ಲಚ್ ಒತ್ತಿ ಗೇರ್ ಬದಲಿಸಬೇಕಾಗುತ್ತದೆ. ಈ ಅಭ್ಯಾಸವಿಲ್ಲದ ಹೊಸ ಚಾಲಕನ ಕೈಯಲ್ಲಿ ಬರುವ ಕರಕರ ಶಬ್ದವು ಯಂತ್ರದ ದೋಷವಲ್ಲ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಗೇರ್ ತಾನಾಗಿ ಕಳಚಿಕೊಳ್ಳುವುದು. ಸಕಲೇಶಪುರದ ಕಡೆಯಿಂದ ಕರಾವಳಿಗೆ ಇಳಿಯುವ ಶಿರಾಡಿ ಘಾಟಿಯಂಥ ಕಡೆ, ಹೊರೆ ತುಂಬಿದ ಲಾರಿಯನ್ನು ಕೆಳಗಿನ ಗೇರಿನ ಬಿಗಿಯೇ ಹಿಡಿದಿರುತ್ತದೆ. ಅದು ತಪ್ಪಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳಬಹುದು. ಸವೆದ ಗೇರ್ ಹಲ್ಲು, ಸೆಲೆಕ್ಟರ್ ಫೋರ್ಕ್, ಗೇರನ್ನು ಸ್ಥಾನದಲ್ಲಿ ಹಿಡಿಯುವ ಗುಂಡಿನ ದುರ್ಬಲ ಸ್ಪ್ರಿಂಗ್, ಸಡಿಲವಾದ ಮೌಂಟಿಂಗ್ ಇದಕ್ಕೆ ಕಾರಣಗಳು. ಲಿವರನ್ನು ಕೈಯಿಂದ ಹಿಡಿದು ಓಡಿಸುವ ರೂಢಿ ದುರಸ್ತಿಯಲ್ಲ. ಅದರಿಂದ ಫೋರ್ಕ್ ಇನ್ನಷ್ಟು ಸವೆಯುತ್ತದೆ.

ಆಯಿಲ್ ಬದಲಿಸುವಾಗ ಡ್ರೈನ್ ಪ್ಲಗ್ಗನ್ನು ಪರಿಶೀಲಿಸಬೇಕು. ನುಣುಪಾದ ಬೂದುಬಣ್ಣದ ಲೇಪ ಸಹಜ ಸವೆತದ್ದು. ಉಕ್ಕಿನ ಚೂರುಗಳು ಕಂಡರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ, ಲಾರಿಯನ್ನು ಮುಂದಕ್ಕೆ ಓಡಿಸಬಾರದು.

ಹಿಂಭಾಗ

ಲಾರಿ ಹೊರಡುವಾಗ ಒಮ್ಮೆ 'ಟಕ್' ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಸವೆದಿರಬಹುದು. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಶಾಫ್ಟನ್ನು ಕೈಯಿಂದ ತಿರುವಿ ನೋಡಿದರೆ ಸಡಿಲ ತಿಳಿಯುತ್ತದೆ. ಜಾಯಿಂಟ್ ಬಿಗಿಯಾಗಿದ್ದೂ ಶಬ್ದ ಬರುತ್ತಿದ್ದರೆ ಕ್ರೌನ್ ಮತ್ತು ಪಿನಿಯನ್ ನಡುವಿನ ಅಂತರವನ್ನು ಅಳೆಸಬೇಕಾಗುತ್ತದೆ.