ಎರೆಮಣ್ಣಿನ ರಸ್ತೆಗೆ ಸುಣ್ಣದ ಮದ್ದು

ಕಲಬುರಗಿ ಸೀಮೆಯ ನೆಲ ಎರಡು ಕಲ್ಲುಗಳ ನೆಲ. ಪಡುವಣಕ್ಕೆ, ಆಳಂದ ಮತ್ತು ಅಫಜಲಪುರದ ಕಡೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಆರಿ ಗಟ್ಟಿಯಾದ ಕರಿಕಲ್ಲು. ಮೂಡಣಕ್ಕೆ, ಶಹಾಬಾದ, ವಾಡಿ, ಸೇಡಂ, ಮಳಖೇಡದ ಕಡೆ, ಅದಕ್ಕಿಂತ ಎಷ್ಟೋ ಹಳೆಯ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತ ಸುಣ್ಣದ ಕಲ್ಲು. ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಕಂಡರಿಸಿದ್ದು ಈ ಎರಡನೆಯ ಕಲ್ಲಿನಲ್ಲಿ. ಊರೂರಿನ ಮನೆಗಳಿಗೆ ಶಹಾಬಾದ ಪರಸಿಯಾಗಿ ಹಾಸಿದ್ದೂ, ಇಂದು ಸಿಮೆಂಟ್ ಕಾರ್ಖಾನೆಗಳ ಹೊಟ್ಟೆ ತುಂಬುತ್ತಿರುವುದೂ ಅದೇ. ಕರಿಕಲ್ಲು ಮಾತ್ರ ಸವೆದು ಎರೆಮಣ್ಣಾಯಿತು. ತೊಗರಿಗೂ ಬಿಳಿಜೋಳಕ್ಕೂ ಅದು ತಾಯಿ, ರಸ್ತೆಗೆ ಶತ್ರು. ಪಡುವಣದ ಮಣ್ಣಿನ ಈ ದೋಷಕ್ಕೆ ಮೂಡಣದ ಕಲ್ಲಿನಲ್ಲೇ ಮದ್ದಿದೆ, ಅದನ್ನು ನಾವು ಬಳಸಬೇಕಾದಷ್ಟು ಬಳಸುತ್ತಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ದೋಷವನ್ನು ನೋಡೋಣ. ಮಳೆಗಾಲದಲ್ಲಿ ಎರೆಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಕಾರಣ ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಕಣ್ಣಿಗೆ ಕಾಣದಷ್ಟು ತೆಳುವಾದ ಅದರ ಹಾಳೆಗಳು ಪೇರಿಸಿಟ್ಟ ಕಟಕ ರೊಟ್ಟಿಗಳ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ನೀರು ನುಗ್ಗಿದಾಗ ಅವು ದೂರ ಸರಿಯುತ್ತವೆ, ನೀರು ಆರಿದಾಗ ಹತ್ತಿರ ಬರುತ್ತವೆ. ಡಾಂಬರಿನ ನಟ್ಟನಡುವೆ ನೆಲದ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ; ಅಂಚಿನಲ್ಲಿ ಹಾಗಲ್ಲ, ಅಲ್ಲಿ ಮಳೆ ಬಿಸಿಲುಗಳ ಆಟ. ಆದ್ದರಿಂದಲೇ ನಮ್ಮ ರಸ್ತೆಗಳು ಅಂಚಿನ ಉದ್ದಕ್ಕೆ ಸೀಳುತ್ತವೆ. ಆ ಸೀಳಿನಲ್ಲಿ ಮತ್ತೆ ನೀರು ಇಳಿದು ತಳ ಮೆತ್ತಗಾಗಿ ತಗ್ಗು ಬೀಳುತ್ತದೆ. ಮೇಲಿನ ಡಾಂಬರನ್ನು ಎಷ್ಟು ದಪ್ಪ ಹಾಕಿದರೂ ಕೆಳಗಿನ ಮಣ್ಣು ಅಲುಗಾಡುವುದು ನಿಲ್ಲುವುದಿಲ್ಲ. ಗುತ್ತಿಗೆದಾರನನ್ನು ಬೈಯುವುದು ಸುಲಭ, ಕೆಲವೊಮ್ಮೆ ನ್ಯಾಯವೂ ಹೌದು. ಆದರೆ ತಳವನ್ನು ಸರಿಪಡಿಸದೆ ಇದ್ದರೆ ಪ್ರಾಮಾಣಿಕ ಗುತ್ತಿಗೆದಾರನ ರಸ್ತೆಯೂ ಒಡೆಯುತ್ತದೆ.

ಈಗ ಮದ್ದು. ಸುಣ್ಣದ ಕಲ್ಲನ್ನು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟರೆ 100 ಕಿಲೋ ಶುದ್ಧ ಕಲ್ಲಿನಿಂದ 44 ಕಿಲೋ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಕಾದು, ಪುಡಿಪುಡಿಯಾಗಿ 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಈ ಪುಡಿಯನ್ನು ಒದ್ದೆ ಎರೆಮಣ್ಣಿನಲ್ಲಿ ಬೆರೆಸಿದಾಗ ಎರಡು ಕೆಲಸ ನಡೆಯುತ್ತವೆ. ಕೆಲವೇ ಗಂಟೆಗಳಲ್ಲಿ ಕ್ಯಾಲ್ಸಿಯಂ ಜೇಡಿಯ ಹಾಳೆಗಳಿಗೆ ಅಂಟಿಕೊಂಡು ಅವನ್ನು ಗುಂಪುಗೂಡಿಸುತ್ತದೆ. ಕಾಲಿಗೆ ಮೆತ್ತುವ ರಾಡಿ ಉದುರುದುರಾದ ಮಣ್ಣಾಗುತ್ತದೆ. ಎರಡನೆಯ ಕೆಲಸ ನಿಧಾನ. ಸುಣ್ಣದ ಕಾರದಲ್ಲಿ ಜೇಡಿಯ ಸಿಲಿಕಾ, ಅಲ್ಯುಮಿನಾ ಕರಗಿ ಹೊರಬಂದು ಕ್ಯಾಲ್ಸಿಯಂ ಜೊತೆ ಸೇರಿ ಸಿಮೆಂಟಿನಲ್ಲಿ ಆಗುವಂಥದೇ ಅಂಟನ್ನು ತಿಂಗಳುಗಟ್ಟಲೆ ಕಟ್ಟುತ್ತ ಹೋಗುತ್ತವೆ. ಅಂದರೆ ಸುಣ್ಣ ಮಣ್ಣನ್ನು ಬರೀ ಅಂಟಿಸುವುದಿಲ್ಲ, ಮಣ್ಣಿನ ಶತ್ರುಗುಣವನ್ನೇ ಕಚ್ಚಾಮಾಲು ಮಾಡಿಕೊಳ್ಳುತ್ತದೆ. ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದಷ್ಟೂ ಅದಕ್ಕೆ ಕೆಲಸ ಹೆಚ್ಚು. ಮರಳು ನೆಲದಲ್ಲಿ ಇದೇ ಸುಣ್ಣ ನಿರುಪಯೋಗಿ.

ಇಲ್ಲಿ ತಿಳಿದ ರೈತರು ಒಂದು ಒಳ್ಳೆಯ ಆಕ್ಷೇಪ ಎತ್ತಬಹುದು: ನಮ್ಮ ಹೊಲದಲ್ಲಿ ಸುಣ್ಣದ ಹರಳುಗಳು ಮೊದಲೇ ಬೇಕಾದಷ್ಟಿವೆ, ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಎಚ್ 8 ದಾಟಿರುತ್ತದೆ, ಮತ್ತೆ ಸುಣ್ಣವೇಕೆ? ಹೊಲಕ್ಕೆ ಖಂಡಿತ ಬೇಡ. ಆದರೆ ಆ ಹರಳು ಸುಡದ ಕಲ್ಲಿನದೇ ಜಾತಿ, ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಪಿಎಚ್ ಅನ್ನು 8.3ರ ಸುತ್ತಮುತ್ತ ನಿಲ್ಲಿಸಿಬಿಡುತ್ತದೆ. ಅರಳಿದ ಸುಣ್ಣ 12.4ರವರೆಗೆ ಒಯ್ಯುತ್ತದೆ. ನಾಲ್ಕು ಅಂಕೆಯ ಅಂತರವೆಂದರೆ ಕಾರದ ಬಲದಲ್ಲಿ ಹತ್ತು ಸಾವಿರ ಪಟ್ಟಿಗೂ ಮಿಕ್ಕ ವ್ಯತ್ಯಾಸ, ಸಿಲಿಕಾ ಕರಗಲು ಬೇಕಾದದ್ದು ಆ ಬಲ. ಎರೆಮಣ್ಣಿನಲ್ಲಿರುವ ಸುಣ್ಣ ಕೆಲಸ ಮುಗಿಸಿ ಮಲಗಿದ ಸುಣ್ಣ.

ಈ ಪುಡಿ ನಮ್ಮ ಸೀಮೆಗೆ ಹೊಸದೂ ಅಲ್ಲ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹಾವಳಗಾ, ಜೇವರ್ಗಿ ಕಡೆಯ ಮಳ್ಳಿ, ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಬಿಳಿ ಸಕ್ಕರೆ ಮಾಡುವ ಕಾರ್ಖಾನೆಯಲ್ಲಿ ಒಂದು ಟನ್ ಕಬ್ಬಿಗೆ ಸರಿಸುಮಾರು ಒಂದೂವರೆಯಿಂದ ಎರಡು ಕಿಲೋ ಸುಣ್ಣ ಬೇಕು. ಕಬ್ಬಿನ ಹಾಲು ಹುಳಿ, ಅದರ ಪಿಎಚ್ ಸುಮಾರು 5.5. ಹಾಗೇ ಕಾಯಿಸಿದರೆ ಸಕ್ಕರೆ ಒಡೆದು ಹರಳುಗಟ್ಟದ ಪಾಕವಾಗುತ್ತದೆ. ಸುಣ್ಣದ ಹಾಲು ಆ ಹುಳಿ ಮುರಿದು, ಕಶ್ಮಲವನ್ನೆಲ್ಲ ಹಿಡಿದು ತಳಕ್ಕೆ ಇಳಿಸುತ್ತದೆ; ಹೊಲಕ್ಕೆ ಗೊಬ್ಬರವಾಗಿ ಬರುವ ಪ್ರೆಸ್‌ಮಡ್ ಅದೇ. ಕಾರ್ಖಾನೆಯೊಳಗೆ ಇಷ್ಟು ನಂಬಿಕೆಯಿಂದ ಬಳಸುವ ಸುಣ್ಣವನ್ನು, ಹಂಗಾಮಿನಲ್ಲಿ ಕಬ್ಬಿನ ಗಾಡಿಗಳು ಹೂತು ನಿಲ್ಲುವ ಅದೇ ಕಾರ್ಖಾನೆಯ ದಾರಿಗೆ ಬಳಸಲು ಹಿಂಜರಿಯುವುದು ವಿಚಿತ್ರ. ಅಮೆರಿಕದ ಟೆಕ್ಸಾಸಿನಲ್ಲಿ ಇಂಥದೇ ಉಬ್ಬುವ ಮಣ್ಣಿನ ರಸ್ತೆಗಳಿಗೆ 1940ರ ದಶಕದಿಂದಲೂ ಸುಣ್ಣ ಬೀಳುತ್ತಿದೆ. ಡಲ್ಲಾಸ್–ಫೋರ್ಟ್ ವರ್ತ್ ವಿಮಾನ ನಿಲ್ದಾಣದ ಓಡುದಾರಿಗಳ ತಳಕ್ಕೂ ಸುಣ್ಣ ಬೆರೆಸಿದ್ದಾರೆ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೂಡ ಸುಣ್ಣ–ಮಣ್ಣಿನ ಮಿಶ್ರಣಕ್ಕೆಂದೇ ಮಾರ್ಗಸೂಚಿ ಪ್ರಕಟಿಸಿದೆ. ಪುಸ್ತಕದಲ್ಲಿ ಇಲ್ಲದ ಕೆಲಸವೇನೂ ಇದಲ್ಲ.

ಖರ್ಚಿನ ಪ್ರಶ್ನೆ ಬರುತ್ತದೆ, ಬರಲೇಬೇಕು. ಒಂದು ಕಿಲೋಮೀಟರ್ ಉದ್ದ, 5 ಮೀಟರ್ ಅಗಲ, 20 ಸೆಂಟಿಮೀಟರ್ ಆಳದ ಮಣ್ಣು ಎಂದರೆ 1,000 ಘನ ಮೀಟರ್, ಒಣ ತೂಕ ಸುಮಾರು 1,600 ಟನ್. ನೂರಕ್ಕೆ 4ರಂತೆ 64 ಟನ್ ಸುಣ್ಣ ಸಾಕು, ಹತ್ತು ಟನ್ನಿನ ಏಳು ಲಾರಿ. ಅಷ್ಟೇ ದಪ್ಪಕ್ಕೆ ಎರೆಮಣ್ಣು ತೆಗೆದು ಹೊರಗಿನ ಮುರುಮ್ ತುಂಬುವುದಾದರೆ ನೂರೈವತ್ತಕ್ಕೂ ಹೆಚ್ಚು ಲಾರಿ. ಟನ್ನಿಗೆ ಟನ್ ಹೋಲಿಸಿದರೆ ಸುಣ್ಣವೇ ತುಟ್ಟಿ, ಹೀಗಾಗಿ ಒಳ್ಳೆಯ ಮುರುಮ್ ಊರಿನ ಪಕ್ಕದಲ್ಲೇ ಇದ್ದರೆ ಸುಣ್ಣದ ಗೊಡವೆ ಬೇಡ. ಮಟಕಿಯಂಥ ಎರೆಸೀಮೆಯ ಊರುಗಳಿಗೆ ಮುರುಮ್ ದೂರದಿಂದ ಬರಬೇಕಾದಾಗ ಲೆಕ್ಕ ಬದಲಾಗುತ್ತದೆ. ಸಿಮೆಂಟನ್ನೇ ಬೆರೆಸಬಾರದೇ ಎಂದರೆ, ಅದು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುವ ವಸ್ತು. ಎರೆಯ ಹೆಂಟೆ ಒಡೆದು ಪುಡಿಯಾಗುವ ಮೊದಲೇ ಅದರ ಕಾಲ ಮುಗಿದಿರುತ್ತದೆ. ಸುಣ್ಣ ಬೆರೆಸಿ ಒಂದೆರಡು ದಿನ ಬಿಟ್ಟು ಮತ್ತೆ ಉತ್ತು ರೋಲರ್ ಓಡಿಸಬಹುದು.

ಅಪಾಯಗಳಿಲ್ಲವೆಂದಲ್ಲ. ಮಣ್ಣಿನಲ್ಲಿ ಜಿಪ್ಸಂ ಹೆಚ್ಚಿದ್ದರೆ ಸುಣ್ಣವೇ ವೈರಿಯಾಗುತ್ತದೆ. ಸಲ್ಫೇಟ್ ಅದರ ಜೊತೆ ಸೇರಿ ಉಬ್ಬುವ ಹೊಸ ಹರಳು ಕಟ್ಟುತ್ತದೆ. ಅಮೆರಿಕದ ಲಾಸ್ ವೇಗಸ್‌ನ ಸ್ಟೀವರ್ಟ್ ಅವೆನ್ಯೂ 1970ರ ದಶಕದಲ್ಲಿ ಹೀಗೇ ಉಬ್ಬಿ ಹಾಳಾಯಿತು. ಗಾಳಿಗೆ ಹಾರುವ ಪುಡಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಸಂಚಕಾರ, ಕೂಲಿಯವರಿಗೆ ಕನ್ನಡಕ, ಕೈಗವಸು ಕೊಡದೆ ಈ ಕೆಲಸ ಮಾಡಿಸುವುದು ಅಪರಾಧ. ಮೇಲಿನ 64 ಟನ್ ಸುಣ್ಣಕ್ಕೆ ಕಲ್ಲಿನಿಂದಲೇ ಸುಮಾರು 38 ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ, ಸುಡಲು ಉರಿಸಿದ ಇಂಧನದ್ದು ಬೇರೆ. ಅದರಲ್ಲಿ ಸ್ವಲ್ಪ ಭಾಗವಷ್ಟೇ ಮಣ್ಣಿನಲ್ಲಿ ಮರಳಿ ಕಲ್ಲಾಗುತ್ತದೆ. ಹೀಗಾಗಿ ಎಲ್ಲ ರಸ್ತೆಗೂ ಸುಣ್ಣ ಎನ್ನುವುದು ನನ್ನ ವಾದವಲ್ಲ. ಪ್ರತಿ ಮಳೆಗಾಲಕ್ಕೂ ಒಡೆಯುವ, ಭಾರದ ಗಾಡಿಗಳು ಓಡುವ ದಾರಿಗಳಿಗೆ ಮಾತ್ರ.

ಯಾವ ಮಣ್ಣಿಗೆ ಎಷ್ಟು ಸುಣ್ಣ ಎಂದು ಊಹಿಸಬೇಕಾಗಿಲ್ಲ. 1966ರಲ್ಲಿ ಈಡ್ಸ್ ಮತ್ತು ಗ್ರಿಮ್ ಎಂಬ ಅಮೆರಿಕದ ವಿಜ್ಞಾನಿಗಳು ರೂಪಿಸಿದ ಪರೀಕ್ಷೆಯಲ್ಲಿ ಮಣ್ಣಿನ ಚೂರುಗಳಿಗೆ ಬೇರೆ ಬೇರೆ ಪ್ರಮಾಣದ ಸುಣ್ಣ, ನೀರು ಸೇರಿಸಿ ಕುಲುಕುತ್ತಾರೆ. ಒಂದು ಗಂಟೆಯ ಬಳಿಕ ಪಿಎಚ್ 12.4 ಮುಟ್ಟಿಸಿದ ಅತಿ ಕಡಿಮೆ ಪ್ರಮಾಣವೇ ಲೆಕ್ಕಕ್ಕೆ ಬುನಾದಿ. ಗಟ್ಟಿತನದ ಮತ್ತು ಸಲ್ಫೇಟಿನ ಪರೀಕ್ಷೆಗಳು ಆಮೇಲಿನವು. ಯಾವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲೂ ಆಗುವ ಕೆಲಸ. ಮುಂದಿನ ಸಲ ನಿಮ್ಮೂರಿನ ರಸ್ತೆಗೆ ಅಂದಾಜುಪಟ್ಟಿ ತಯಾರಾಗುವಾಗ ಗ್ರಾಮ ಪಂಚಾಯಿತಿ ಸದಸ್ಯರು ಎಂಜಿನಿಯರನ್ನು ಕೇಳಬೇಕಾದದ್ದು ಇಷ್ಟು: ತಳದ ಮಣ್ಣಿಗೆ ಈ ಒಂದು ಗಂಟೆಯ ಪರೀಕ್ಷೆ ಮಾಡಿಸಿದ್ದೀರಾ?