ಸುಕುಮಾರ್ ರೇ: ಲೆಕ್ಕ ತಪ್ಪದ ತಮಾಷೆ

ಮಕ್ಕಳ ಹಾಸ್ಯವೆಂದರೆ ಬಾಯಿಗೆ ಬಂದದ್ದನ್ನು ಬರೆಯುವುದು ಎಂದುಕೊಂಡವರು ಬಂಗಾಳದ ಸುಕುಮಾರ್ ರೇ ಅವರನ್ನು ಓದಬೇಕು. ಸಿನಿಮಾ ನಿರ್ದೇಶಕ ಸತ್ಯಜಿತ್ ರೇ ಅವರ ತಂದೆ ಇವರು. 1887ರಲ್ಲಿ ಹುಟ್ಟಿದ ಸುಕುಮಾರ್ ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ. ಆಮೇಲೆ ಇಂಗ್ಲೆಂಡಿಗೆ ಹೋಗಿ ಮುದ್ರಣ ತಂತ್ರ ಕಲಿತರು. ಆ ಶಿಸ್ತು ಅವರ ತಮಾಷೆಯಲ್ಲೂ ಇದೆ. ‘ಹಜಬರಲ’ ಕಥೆಯಲ್ಲಿ ವಯಸ್ಸು ನಲವತ್ತು ಮುಟ್ಟಿದರೆ ಹಿಂದಕ್ಕೆ ತಿರುಗಿ ಇಳಿಯತೊಡಗುತ್ತದೆ. ನಿಯಮ ವಿಚಿತ್ರವೇ, ಆದರೆ ಒಮ್ಮೆ ಒಪ್ಪಿಕೊಂಡರೆ ಮುಂದಿನದೆಲ್ಲ ಕರಾರುವಾಕ್ಕು. ಮಗು ನಗುವುದೂ ಅದಕ್ಕೇ: ಲೆಕ್ಕ ಸರಿಯಿದೆ, ಲೋಕ ಮಾತ್ರ ತಲೆಕೆಳಗು. ಕಾಲಾ ಅಜಾರ್ ಜ್ವರದಿಂದ ಹಾಸಿಗೆ ಹಿಡಿದಾಗಲೂ ‘ಆಬೋಲ್ ತಾಬೋಲ್’ ಕವನಗಳ ಪುಸ್ತಕಕ್ಕೆ ತಾವೇ ರೂಪ ಕೊಟ್ಟರು. 1923ರಲ್ಲಿ ಅದು ಅಚ್ಚಾಗಿ ಬರುವ ಕೆಲವೇ ದಿನ ಮೊದಲು, 35ರ ವಯಸ್ಸಿನಲ್ಲಿ ತೀರಿಕೊಂಡರು.

ಇದೆಲ್ಲ ಇಂಗ್ಲಿಷ್ ಲೇಖಕ ಲೂಯಿಸ್ ಕ್ಯಾರೊಲ್‌ನ ನೆರಳು ಎನ್ನುವವರಿದ್ದಾರೆ. ‘ಹಜಬರಲ’ದ ಕನಸಿನ ಚೌಕಟ್ಟು, ಮಾತಾಡುವ ಬೆಕ್ಕು ಅಲ್ಲಿಂದ ಬಂದಿರಬಹುದು, ಒಪ್ಪೋಣ. ಆದರೆ ‘ಆಬೋಲ್ ತಾಬೋಲ್’ನಲ್ಲಿ ಮೀಸೆ ಕಳುವಾಯಿತೆಂದು ಇಡೀ ಆಫೀಸಿನ ಮೇಲೆ ಹರಿಹಾಯುವ ದೊಡ್ಡ ಬಾಬು? ಸೀನುವುದಕ್ಕೂ ಟಿಕೆಟ್ ಕೇಳಿ, ಕಾಲು ಜಾರಿ ಬಿದ್ದವನಿಗೂ ದಂಡ ಹಾಕುವ ಕಾನೂನು? ಇವು ಬ್ರಿಟಿಷರ ಕೈಕೆಳಗಿನ ಕಲ್ಕತ್ತೆಯ ಕಚೇರಿ, ಪೊಲೀಸು, ಕೋರ್ಟುಗಳಿಂದ ಎದ್ದು ಬಂದ ನಗೆ. ಕ್ಯಾರೊಲ್‌ನ ಆಕ್ಸ್‌ಫರ್ಡಿನಲ್ಲಿ ಕುಳಿತು ಬರೆಯಲು ಸಾಧ್ಯವೇ ಇರಲಿಲ್ಲ.