ಹಂದಿ ಮಾಡಲು ಹೋಗಿ ಎದ್ದ ಮನೆಗಳು

ಗಣಪನ ಮಾಡೋ ಅಂದ್ರೆ ಅವರಪ್ಪನ್ನ ಮಾಡಿದ ಅನ್ನುವ ಮಾತಿಗೆ ನಮ್ಮಲ್ಲಿ ಉದಾಹರಣೆಗಳ ಬರವಿಲ್ಲ. ನನಗೆ ಸಿಕ್ಕ ಅತಿ ಸೊಗಸಾದ ಉದಾಹರಣೆ ಮಾತ್ರ ಸ್ವೀಡನ್ನಿನದು. 2009ರಲ್ಲಿ ಮಾರ್ಕಸ್ ಪರ್ಸನ್ ಎಂಬ ಪ್ರೋಗ್ರಾಮರ್ ತಮ್ಮ ಹೊಸ ಆಟಕ್ಕೊಂದು ಹಂದಿ ಮಾಡಲು ಕೂತರು. ಕೋಡ್ ಬರೆಯುವಾಗ ಮೈಯ ಉದ್ದ ಮತ್ತು ಎತ್ತರ ಅದಲುಬದಲಾದವು. ತೆರೆಯ ಮೇಲೆ ಬಂದದ್ದು ಕಂಬದ ಹಾಗೆ ನೆಟ್ಟಗೆ ನಿಂತ ಮೈ, ಬುಡದಲ್ಲಿ ನಾಲ್ಕು ಮೋಟುಕಾಲು. ಇನ್ನೊಬ್ಬರಾಗಿದ್ದರೆ ಅಳಿಸಿ ಮಲಗುತ್ತಿದ್ದರು. ಪರ್ಸನ್ ಅದಕ್ಕೆ ಹಸಿರು ಬಳಿದು, ಹತ್ತಿರ ಬಂದು ಸಿಡಿಯುವ ಬುದ್ಧಿ ಕಲಿಸಿದರು. ಅದೇ ಮೈನ್‌ಕ್ರಾಫ್ಟ್‌ನ ಕ್ರೀಪರ್.

ಅದು ಬರುವುದು ಬೆನ್ನ ಹಿಂದಿನಿಂದ, ಸದ್ದುಗದ್ದಲವಿಲ್ಲದೆ. 'ಸ್ಸ್ಸ್' ಎಂದ ಮೇಲೆ ಉಳಿಯುವುದು ಒಂದೂವರೆ ಸೆಕೆಂಡು. ಆಮೇಲೆ ನೀವಿಲ್ಲ, ಇಲ್ಲವೇ ನಿಮ್ಮ ಗೋಡೆಯಿಲ್ಲ. ಈ ಆಟದಲ್ಲಿ ಜನ ಕಟ್ಟಿದ ಕೋಟೆ, ಗುಹೆಮನೆ, ಮರದ ಮೇಲಿನ ಮನೆಗಳನ್ನೆಲ್ಲ ನೋಡಿದಾಗ ನನಗನ್ನಿಸುವುದು ಇಷ್ಟು: ಇವೆಲ್ಲ ಆ ಒಂದೂವರೆ ಸೆಕೆಂಡಿಗೆ ಕೊಟ್ಟ ಉತ್ತರಗಳು.

ಆಟಕ್ಕೊಂದು ಪೂರ್ವಜನ್ಮವೂ ಇದೆ. ಅದೇ ವರ್ಷ ಅಮೆರಿಕದ ಝ್ಯಾಕ್ ಬಾರ್ತ್ ಇನ್ಫಿನಿಮೈನರ್ ಎಂಬ ಆಟ ಹೊರತಂದಿದ್ದರು. ಚೌಕ ಗಡ್ಡೆಗಳ ಜಗತ್ತು, ಎರಡು ತಂಡ, ಅದಿರು ಅಗೆಯುವ ಪೈಪೋಟಿ. ಆಡಲು ಬಂದವರು ಪೈಪೋಟಿ ಮರೆತು ಕಟ್ಟಡ ಕಟ್ಟುತ್ತ ಕೂತರು. ಅಷ್ಟರಲ್ಲಿ ಅದರ ಕೋಡ್ ಹೊರಬಿತ್ತು. ಕಂಡಕಂಡವರು ತಿದ್ದಿದ ಪ್ರತಿಗಳನ್ನು ಹರಿಬಿಟ್ಟರು, ಬಾರ್ತ್ ಕೈಬಿಟ್ಟರು. ಅದನ್ನು ಆಡಿ ಮರುಳಾಗಿದ್ದ ಪರ್ಸನ್ ಮೇ 17ರಂದು ತಮ್ಮ ಆಟದ ಮೊದಲ ರೂಪವನ್ನು ಜನರ ಮುಂದಿಟ್ಟರು. 2014ರಲ್ಲಿ ಮೈಕ್ರೋಸಾಫ್ಟ್ ಅವರ ಕಂಪನಿಗೆ ಕೊಟ್ಟ ಬೆಲೆ 250 ಕೋಟಿ ಡಾಲರ್. ಕ್ರೀಪರ್ ಚಿತ್ರದ ಟೀಶರ್ಟ್ ತೊಟ್ಟ ಮಕ್ಕಳಿಗೆ ಬಾರ್ತ್ ಹೆಸರು ಗೊತ್ತಿಲ್ಲ ಎಂಬುದು ನನ್ನ ಖಾಸಗಿ ಹೊಟ್ಟೆಯುರಿ.

ಒಂದು ಕಾಲದಲ್ಲಿ ಈ ಆಟ ತಾನೇ ಮನೆ ಕೊಡುತ್ತಿತ್ತು ಎಂದರೆ ಈಗಿನವರು ನಂಬಲಿಕ್ಕಿಲ್ಲ. 2010ರ ಆರಂಭದ 'ಇಂಡೆವ್' ರೂಪದಲ್ಲಿ ಕಣ್ಣು ಬಿಟ್ಟರೆ ನೀವೊಂದು ಪುಟ್ಟ ಕೋಣೆಯಲ್ಲಿರುತ್ತಿದ್ದಿರಿ. ಹಲಗೆಯ ಗೋಡೆ, ಕಲ್ಲಿನ ನೆಲ, ಗೋಡೆಗೆ ಪಂಜು. ಕೆಲವೇ ವಾರಗಳಲ್ಲಿ ಭೂಮಿಗೆ ಕೊನೆಯೇ ಇಲ್ಲದ 'ಇನ್ಫ್‌ಡೆವ್' ಬಂತು, ಆ ಕೋಣೆ ಹೋಯಿತು. ಬಯಲಲ್ಲಿ ಬರಿಗೈಲಿ ನಿಂತವನಿಗೆ ಹತ್ತು ನಿಮಿಷದ ಹಗಲು, ಆಮೇಲೆ ಕತ್ತಲು, ಕತ್ತಲಲ್ಲಿ ಹುಟ್ಟುವ ರಾಕ್ಷಸರು. ಮೊದಲ ಸಂಜೆ ಎಲ್ಲರೂ ಮಾಡಿದ್ದು ಒಂದೇ ಕೆಲಸ: ಗುಡ್ಡದ ಮಗ್ಗುಲಿಗೆ ಬಿಲ ತೋಡಿ, ಒಳಗೆ ಕೂತು, ಬಾಯಿಗೆ ಮಣ್ಣು ಮುಚ್ಚಿಕೊಳ್ಳುವುದು. ಆಟಗಾರರು 'ಬೇಸ್' ಎನ್ನುವ ಎಲ್ಲ ವೈಭವದ ಮೂಲಪುರುಷ ಈ ಬಿಲ.

ಅಲ್ಲಿಂದ ಮುಂದೆ ಒಂದೊಂದು ಭಯವೂ ಒಂದೊಂದು ಕಸುಬು ಕಲಿಸಿತು. ಮಲೆನಾಡಿನ ಮನೆಗೆ ಸೂರು ಮುಂದೆ ಚಾಚುವುದು ಮಳೆಗಾಗಿ, ಇಲ್ಲಿ ಜೇಡಕ್ಕಾಗಿ. ಗೋಡೆ ಹತ್ತಿ ಬರುವ ಜೇಡ ಆ ಚಾಚಿಗೆ ತಲೆ ತಾಗಿಸಿ ನಿಲ್ಲುತ್ತದೆ. ಉದ್ದ ಕಾಲಿನ ಎಂಡರ್‌ಮ್ಯಾನ್ ನುಸುಳದಿರಲಿ ಎಂದು ಎರಡೇ ಗಡ್ಡೆ ಎತ್ತರದ ಕೋಣೆ. ಅರ್ಧ ಎತ್ತರದ ಸ್ಲ್ಯಾಬ್ ಹಾಸಿದ ನೆಲದಲ್ಲಿ ರಾಕ್ಷಸರು ಹುಟ್ಟುವುದಿಲ್ಲವೆಂದು ಗೊತ್ತಾದ ಮೇಲೆ ಅಂಗಳಕ್ಕೆಲ್ಲ ಅದೇ ಹಾಸು. ಬೆಕ್ಕಿಗೆ ಕ್ರೀಪರ್ ಹೆದರುತ್ತದಾದ್ದರಿಂದ ಬಾಗಿಲಲ್ಲೊಂದು ಬೆಕ್ಕು. ಎಲ್ಲಕ್ಕಿಂತ ದೊಡ್ಡ ಮೇಸ್ತ್ರಿ ಎಂದರೆ ಬೆಳಕು. ಪಂಜಿನ ಬೆಳಕು 14 ಅಂಕ, ಒಂದೊಂದು ಗಡ್ಡೆ ದೂರ ಹೋದಂತೆ ಒಂದೊಂದು ಅಂಕ ಕಡಿಮೆ. ಆಗೆಲ್ಲ ಅದು 7ಕ್ಕೆ ಇಳಿದಲ್ಲಿ ರಾಕ್ಷಸ ಹುಟ್ಟಬಹುದಿತ್ತು. ಹಾಗಾಗಿ ಪಂಜು ಎಷ್ಟು ದೂರಕ್ಕೊಂದು ಇಡಬೇಕು, ಎಲ್ಲಿ ಕಾಣದಂತೆ ಹುದುಗಿಸಬೇಕು ಎಂಬ ಲೆಕ್ಕವೇ ಅರ್ಧ ವಾಸ್ತುವಾಯಿತು.

ಮಿಕ್ಕದ್ದು ಸೌಕರ್ಯದ ಕಥೆ, ಬೇಗ ಮುಗಿಯುತ್ತದೆ. 2011ರ ಫೆಬ್ರವರಿಯಲ್ಲಿ ಹಾಸಿಗೆ ಬಂತು. ಮಲಗಿದರೆ ರಾತ್ರಿ ಕಳೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಾವೂ ಇಲ್ಲದ, ಸಾಮಾನಿಗೆ ಮಿತಿಯೂ ಇಲ್ಲದ ಕ್ರಿಯೇಟಿವ್ ಮೋಡ್ ಮರಳಿತು. 2021ರ ನವೆಂಬರಿನಲ್ಲಿ ಬೆಳಕಿನ ನಿಯಮವನ್ನೇ ಸಡಿಲಿಸಿದರು: ಬೆಳಕು ಪೂರ್ತಿ ಸೊನ್ನೆಯಾದಲ್ಲಿ ಮಾತ್ರ ರಾಕ್ಷಸ. ಹತ್ತು ಪಂಜು ಬೇಕಿದ್ದಲ್ಲಿ ಈಗ ನಾಲ್ಕು ಸಾಕು.

ಅಕ್ಕನ ಮಗ ಕ್ರಿಯೇಟಿವ್‌ನಲ್ಲಿ ಗಾಜಿನ ಅರಮನೆ ಕಟ್ಟಿದ್ದಾನೆ. ಚೆನ್ನಾಗಿದೆ. ಬಾಗಿಲೇ ಇಲ್ಲವಲ್ಲೋ ಎಂದೆ. "ಯಾಕೆ ಬೇಕು ಮಾಮ? ಯಾರು ಬರ್ತಾರೆ?" ಎಂದ. ಉತ್ತರ ಹೊಳೆಯಲಿಲ್ಲ.

ನನ್ನ ಮೊದಲ ಬೇಸ್‌ಗೆ ಎರಡು ಬಾಗಿಲಿದ್ದವು, ಅಂಗಳಕ್ಕೆ ಕಂದಕವಿತ್ತು. ಆದರೂ ಒಂದು ಬೆಳಗ್ಗೆ ಕ್ರೀಪರ್ ಬಂದು ಕಲ್ಲುಗೋಡೆಯ ಮೂಲೆ ಹಾರಿಸಿತು. ಕೈಯಲ್ಲಿ ಕಲ್ಲಿರಲಿಲ್ಲ, ಸಿಕ್ಕಿದ ಮಣ್ಣು ಮೆತ್ತಿದೆ. ಮುಂದೆ ಪೆಟ್ಟಿಗೆಗಟ್ಟಲೆ ಕಲ್ಲು ಕೂಡಿಟ್ಟರೂ ಆ ತೇಪೆ ತೆಗೆಯಲು ಮನಸ್ಸಾಗಲಿಲ್ಲ; ಮನೆಯಲ್ಲಿ ನನ್ನದು ಅನ್ನಿಸುತ್ತಿದ್ದದ್ದು ಅದೊಂದೇ ಮೂಲೆ. ಕ್ರೀಪರ್ ಉಳಿಸಿದ ಆ ಮನೆಯನ್ನು ಕೊನೆಗೆ ನುಂಗಿದ್ದು ಹಳೆಯ ಲ್ಯಾಪ್‌ಟಾಪಿನ ಕೆಟ್ಟ ಹಾರ್ಡ್ ಡಿಸ್ಕ್.

ಹಾಗಾಗಿ ಮಕ್ಕಳಿರುವ ಮನೆಯವರಲ್ಲಿ ಒಂದು ವಿನಂತಿ. ಒಂದು ಭಾನುವಾರ, ಸಾವೂ ಮಿತಿಯೂ ಇರುವ ಸರ್ವೈವಲ್ ಮೋಡ್‌ನಲ್ಲಿ ಅವರ ಪಕ್ಕ ಕೂತು, ಹಾಸಿಗೆಯಿಲ್ಲದೆ ಮೊದಲ ರಾತ್ರಿ ಕಳೆಯಿರಿ. ಬೆಳಗಾದ ಮೇಲೆ ಆ ಜಗತ್ತಿನ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಡಿ.